ಅಂತರ್ಜಾಲದ ನಕ್ಷೆ: ಬಂದದ್ದೆಷ್ಟು, ಹೋದದ್ದೆಷ್ಟು?

ಮೊದಲು ಒಂದು ಸಣ್ಣ ಪ್ರಯೋಗ. ನಿಮ್ಮ ಮೊಬೈಲಿನಲ್ಲಿ ನಕ್ಷೆಯನ್ನು ತೆರೆಯಿರಿ. ಕೋಲಾರ, ಮಾಲೂರು, ಮುಳಬಾಗಿಲು ಅಥವಾ ಶ್ರೀನಿವಾಸಪುರ ತಾಲ್ಲೂಕಿನ ಯಾವುದಾದರೊಂದು ಹಳ್ಳಿಯನ್ನು ಹುಡುಕಿ. ರಸ್ತೆ ಕಾಣುತ್ತದೆ. ಪೆಟ್ರೋಲ್ ಬಂಕು, ಬ್ಯಾಂಕು, ಬೇಕರಿ ಕಾಣುತ್ತವೆ. ಈಗ ಆ ಹಳ್ಳಿಯ ಕೆರೆಯನ್ನು ಹುಡುಕಿ. ಕೆರೆಯ ಏರಿ ಯಾವ ಕಡೆಗಿದೆ? ತೂಬು ಎಲ್ಲಿದೆ? ಕೋಡಿ ಬಿದ್ದ ನೀರು ಯಾವ ಹಳ್ಳ ಹಿಡಿದು ಮುಂದಿನ ಯಾವ ಕೆರೆಗೆ ಸೇರುತ್ತದೆ? ಈ ಪ್ರಶ್ನೆಗಳಿಗೆ ನಿಮ್ಮ ಕೈಯಲ್ಲಿರುವ ನಕ್ಷೆ ಉತ್ತರ ಕೊಡುವುದು ಅಪರೂಪ. ಕೊಟ್ಟರೂ ಅದು ಒಂದು ನೀಲಿ ತೇಪೆ, ಅದರ ಮೇಲೊಂದು ಹೆಸರು, ಅಷ್ಟೇ.

ಇದೇನು ದೊಡ್ಡ ದೋಷ ಎಂದು ನೀವು ಕೇಳಬಹುದು. ಕೋಲಾರದ ಮಟ್ಟಿಗೆ ಇದು ದೊಡ್ಡ ದೋಷವೇ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆ ಬದುಕಿದ್ದೇ ಕೆರೆಗಳಿಂದ. ಚಿಕ್ಕಬಳ್ಳಾಪುರ ಬೇರೆಯಾಗುವ ಮೊದಲು, ಅಂದರೆ 2007ಕ್ಕೆ ಮುಂಚೆ, ಅವಿಭಜಿತ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಕೆರೆಗಳಿದ್ದವು. ಪಾಲಾರ್, ದಕ್ಷಿಣ ಪಿನಾಕಿನಿ, ಮಾರ್ಕಂಡೇಯ ನದಿಗಳ ಕಣಿವೆಗಳಲ್ಲಿ ಇವು ಒಂದರ ಕೆಳಗೊಂದು ಸರಪಳಿಯಂತೆ ಜೋಡಿಸಿಕೊಂಡಿವೆ. ಇಂತಹ ನೆಲದ ನಕ್ಷೆಯಲ್ಲಿ ರಸ್ತೆಗಿಂತ ಮೊದಲು ಕಾಣಬೇಕಾದದ್ದು ನೀರಿನ ದಾರಿ.

ಅಂತರ್ಜಾಲದ ನಕ್ಷೆಗಳು ಕಳೆದ ಇಪ್ಪತ್ತು ವರ್ಷಗಳಲ್ಲಿ ನಮಗೆ ಕೊಟ್ಟದ್ದು ಬಹಳ. ಅದರ ಜೊತೆಗೆ ಅವು ಕೊಟ್ಟು ಹಿಂದಕ್ಕೆ ಪಡೆದದ್ದೂ ಸಾಕಷ್ಟಿದೆ. ಆ ಲೆಕ್ಕವನ್ನು ಕೋಲಾರದ ಕೆರೆ ಏರಿಯ ಮೇಲೆ ನಿಂತು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಾಗದದ ನಕ್ಷೆಯಲ್ಲಿ ಏನಿತ್ತು?

ಹೋಲಿಕೆಗೆ ಒಂದು ಅಳತೆಗೋಲು ಬೇಕಲ್ಲವೇ? 1767ರಲ್ಲಿ ಸ್ಥಾಪನೆಯಾದ ಸರ್ವೇ ಆಫ್ ಇಂಡಿಯಾ ಪ್ರಕಟಿಸುವ ಟೊಪೊಶೀಟ್, ಅಂದರೆ ಸ್ಥಳವಿವರ ನಕ್ಷೆಯನ್ನು ತೆಗೆದುಕೊಳ್ಳೋಣ. ಇದರ ಪ್ರಮಾಣ 1:50,000. ನಕ್ಷೆಯ ಮೇಲಿನ 1 ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ಹಳೆಯ ಕ್ರಮದಲ್ಲಿ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಪಟ್ಟಣಗಳು 57 ಕೆ ಎಂಬ ಚೌಕದೊಳಗೆ ಬರುತ್ತವೆ. ಈ ಚೌಕದ ವ್ಯಾಪ್ತಿ 13ರಿಂದ 14 ಡಿಗ್ರಿ ಉತ್ತರ ಅಕ್ಷಾಂಶ, 78ರಿಂದ 79 ಡಿಗ್ರಿ ಪೂರ್ವ ರೇಖಾಂಶ.

ಈ ಹಾಳೆಯಲ್ಲಿ ಕೆರೆ ಎಂದರೆ ಬರೀ ನೀಲಿ ಬಣ್ಣವಲ್ಲ. ನೀರು ನಿಲ್ಲುವ ಕೆರೆಗೆ ಒಂದು ಚಿಹ್ನೆ, ಒಣಗಿರುವ ಕೆರೆಗೆ ಇನ್ನೊಂದು. ಏರಿಯನ್ನು ಪ್ರತ್ಯೇಕವಾಗಿ ಗುರುತಿಸಿರುತ್ತಾರೆ. ಏರಿಯ ಪಕ್ಕದಲ್ಲಿ ಒಂದು ಅಂಕಿ, ಅದರ ಜೊತೆ 'ಆರ್' ಎಂಬ ಇಂಗ್ಲಿಷ್ ಅಕ್ಷರ ಇರುತ್ತದೆ. ಅದು ಸುತ್ತಲಿನ ನೆಲಕ್ಕಿಂತ ಏರಿ ಎಷ್ಟು ಮೀಟರ್ ಎತ್ತರವಿದೆ ಎಂಬುದನ್ನು ತಿಳಿಸುತ್ತದೆ. ಹಳ್ಳಗಳು, ಬಾವಿಗಳು, ಗಾಡಿ ದಾರಿ, ಕಾಲುದಾರಿ, ದೇವಸ್ಥಾನ ಎಲ್ಲಕ್ಕೂ ಚಿಹ್ನೆಗಳಿವೆ. 20 ಮೀಟರ್ ಅಂತರದ ಸಮೋನ್ನತಿ ರೇಖೆಗಳಿಂದ ನೆಲದ ಇಳಿಜಾರು ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಅಂಚಿನಲ್ಲಿರುವ ಸಣ್ಣ ಅಕ್ಷರಗಳು: ಸಮೀಕ್ಷೆ ಯಾವ ವರ್ಷ ನಡೆಯಿತು, ಇದು ಎಷ್ಟನೆಯ ಆವೃತ್ತಿ ಎಂಬ ವಿವರ. ಹೊಸ ಆವೃತ್ತಿ ಬಂದರೂ ಹಳೆಯ ಹಾಳೆ ನಿಮ್ಮ ಬೀರುವಿನಲ್ಲಿ ಹಾಗೆಯೇ ಇರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಯಾವ ಕೆರೆ ಕುಗ್ಗಿದೆ, ಯಾವ ಹಳ್ಳ ಮಾಯವಾಗಿದೆ ಎಂದು ಗೊತ್ತಾಗುತ್ತದೆ.

ಕಾಗದದ ನಕ್ಷೆಯನ್ನು ಹೊಗಳುವುದಷ್ಟೇ ನ್ಯಾಯವಲ್ಲ. ಅದು ಸುಲಭವಾಗಿ ಸಿಗುತ್ತಿರಲಿಲ್ಲ. ಗಡಿ ಮತ್ತು ಕರಾವಳಿ ಪ್ರದೇಶಗಳ ಹಾಳೆಗಳ ಮೇಲೆ ನಿರ್ಬಂಧವಿತ್ತು. ಪರಿಷ್ಕರಣೆಗೆ ದಶಕಗಳೇ ಹಿಡಿಯುತ್ತಿದ್ದವು. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರವೇ ಸಾರ್ವಜನಿಕರಿಗಾಗಿ ಪ್ರತ್ಯೇಕ ಸರಣಿ ಬಂದದ್ದು. ಆ ಹೊತ್ತಿಗೆ ಅಂತರ್ಜಾಲದಲ್ಲಿ ಬೇರೆಯೇ ಒಂದು ಕಥೆ ಶುರುವಾಗಿತ್ತು.

ಬಾಗಿಲು ತೆರೆದ ವರ್ಷಗಳು

2005ರ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್, ಅದೇ ವರ್ಷ ಜೂನ್‌ನಲ್ಲಿ ಗೂಗಲ್ ಅರ್ಥ್ ಬಂದವು. ತನ್ನ ಊರನ್ನು ಆಕಾಶದಿಂದ ನೋಡುವ ಅವಕಾಶ ಸಾಮಾನ್ಯ ಓದುಗನಿಗೆ ಮೊದಲ ಬಾರಿ ಸಿಕ್ಕಿತು. 2009ರಲ್ಲಿ ಇಸ್ರೋ ಸಂಸ್ಥೆಯ 'ಭುವನ್' ಕೂಡ ಸೇರಿಕೊಂಡಿತು.

ಇವೆಲ್ಲಕ್ಕಿಂತ ಹಳ್ಳಿಗಳಿಗೆ ಹೆಚ್ಚು ಉಪಯೋಗವಾಗಬಹುದಾಗಿದ್ದ ಸೇವೆ ಇನ್ನೊಂದಿತ್ತು. ಅದು 2008ರಲ್ಲಿ ಆರಂಭವಾದ ಗೂಗಲ್ ಮ್ಯಾಪ್ ಮೇಕರ್. ಇದನ್ನು ರೂಪಿಸಿದ್ದು ಗೂಗಲ್‌ನ ಬೆಂಗಳೂರು ಕಚೇರಿಯ ಇಂಜಿನಿಯರುಗಳು. ಲಲಿತೇಶ್ ಕಟ್ರಗಡ್ಡ ಅವರಲ್ಲಿ ಪ್ರಮುಖರು. ಒಳ್ಳೆಯ ನಕ್ಷೆಗಳೇ ಇಲ್ಲದ ದೇಶಗಳಲ್ಲಿ ಜನರೇ ತಮ್ಮ ಊರಿನ ನಕ್ಷೆ ಬರೆಯಲಿ ಎಂಬುದು ಇದರ ಹಿಂದಿನ ವಿಚಾರ. ಉಪಗ್ರಹ ಚಿತ್ರವನ್ನು ಕೆಳಗಿಟ್ಟುಕೊಂಡು ಅದರ ಮೇಲೆ ರಸ್ತೆಯ ಗೆರೆ ಎಳೆಯಬಹುದಿತ್ತು. ಕೆರೆಯ ಅಂಚನ್ನು ಬಿಂದುವಿನಿಂದ ಬಿಂದುವಿಗೆ ಸುತ್ತಿ ಮುಚ್ಚಿ ಹೆಸರು ಕೊಡಬಹುದಿತ್ತು. ನೀವು ಬರೆದದ್ದನ್ನು ಬೇರೆಯವರು ಪರಿಶೀಲಿಸಿ ಒಪ್ಪುತ್ತಿದ್ದರು.

ಮ್ಯಾಪ್ ಮೇಕರ್‌ಗೆ ಎರಡು ಕಡೆಯಿಂದ ತೊಂದರೆ ಬಂತು. 2013ರಲ್ಲಿ ಗೂಗಲ್ ಭಾರತದಲ್ಲಿ 'ಮ್ಯಾಪಥಾನ್' ಎಂಬ ಸ್ಪರ್ಧೆ ನಡೆಸಿದಾಗ ಅದು ನಕ್ಷೆ ನೀತಿಗೆ ವಿರುದ್ಧವೆಂದು ಸರ್ವೇ ಆಫ್ ಇಂಡಿಯಾ ದೂರು ಕೊಟ್ಟಿತು. ಮರುವರ್ಷ ವಿಷಯ ಸಿಬಿಐ ವಿಚಾರಣೆಯವರೆಗೂ ಹೋಯಿತು. 2015ರಲ್ಲಿ ಕಿಡಿಗೇಡಿಗಳು ಪಾಕಿಸ್ತಾನದ ರಾವಲ್ಪಿಂಡಿಯ ಬಳಿ ನಕ್ಷೆಯ ಮೇಲೆ ಅಸಭ್ಯ ಚಿತ್ರವೊಂದನ್ನು ಬರೆದರು. ಮೇ ತಿಂಗಳಲ್ಲಿ ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಆಗಸ್ಟ್‌ನಿಂದ ಹಂತಹಂತವಾಗಿ ತೆರೆದರೂ 2017ರ ಮಾರ್ಚ್ 31ರಂದು ಅದನ್ನು ಶಾಶ್ವತವಾಗಿ ಮುಚ್ಚಿದರು.

ಮುಚ್ಚಿದಾಗ ಹೋದದ್ದೇನು? ಜನ ಸೇರಿಸಿದ ಮಾಹಿತಿ ಗೂಗಲ್ ನಕ್ಷೆಯೊಳಗೆ ಸೇರಿತ್ತು. ಅದನ್ನು ಬರೆಯುವ ಸಾಧನ ಮಾತ್ರ ಹೋಯಿತು. ಅಂಗಡಿಯ ಹೆಸರು ಸೇರಿಸಬಹುದು, ಮುಚ್ಚಿದೆ ಎಂದು ತಿಳಿಸಬಹುದು, ಚಿತ್ರ ಹಾಕಬಹುದು. ರಸ್ತೆಯ ಗೆರೆ ಎಳೆಯುವ ಅನುಕೂಲವನ್ನು 2021ರಲ್ಲಿ ಮತ್ತೆ ಪ್ರಕಟಿಸಿದರು. ಆದರೆ ಕೆರೆಯ ಅಂಚನ್ನೂ ಹಳ್ಳದ ಹಾದಿಯನ್ನೂ ಅದೇ ಸ್ವಾತಂತ್ರ್ಯದಿಂದ ಬರೆಯುವ ಅವಕಾಶ ಬಳಕೆದಾರರ ಕೈಗೆ ಮರಳಿ ಬರಲಿಲ್ಲ. ಗಮನಿಸಿ: ಉಳಿದದ್ದು ವ್ಯಾಪಾರಕ್ಕೂ ವಾಹನಕ್ಕೂ ಬೇಕಾದದ್ದು. ಹೋದದ್ದು ನೀರಗಂಟಿಗೆ ಬೇಕಾದದ್ದು.

ಒಂದೊಂದಾಗಿ ಹೋದ ಅನುಕೂಲಗಳು

ಮ್ಯಾಪ್ ಮೇಕರ್ ಒಂದೇ ಅಲ್ಲ. ಸ್ಥಳಕ್ಕೆ ಹೊಂದಿಸಿ ಛಾಯಾಚಿತ್ರ ಸೇರಿಸುವ ಪನೋರಾಮಿಯೊ 2016ರ ನವೆಂಬರ್‌ನಲ್ಲಿ ನಿಂತಿತು. ಅಂತರಗಂಗೆ, ಆವಣಿ, ಕುರುಡುಮಲೆಯಂತಹ ಕಡೆ ಹೋದವರು ತೆಗೆದ ಚಿತ್ರವನ್ನು ಭೂಪಟದ ಮೇಲೆ ಅಂಟಿಸಲು ಅದು ಸುಲಭದ ದಾರಿಯಾಗಿತ್ತು. ಜಾಲತಾಣಗಳೊಳಗೆ ಗೂಗಲ್ ಅರ್ಥ್‌ನ ಮೂರು ಆಯಾಮದ ನೋಟವನ್ನು ಕೂರಿಸುವ ಸೌಲಭ್ಯ ಇನ್ನು ಮುಂದುವರಿಯದು ಎಂದು 2014ರ ಡಿಸೆಂಬರ್‌ನಲ್ಲಿ ಘೋಷಣೆಯಾಯಿತು. ನಡೆದ ದಾರಿಯನ್ನು ದಾಖಲಿಸುವ ಮೈ ಟ್ರ್ಯಾಕ್ಸ್ 2016ರಲ್ಲಿ ಹೋಯಿತು. ನಾವು ಎಲ್ಲೆಲ್ಲಿ ಓಡಾಡಿದೆವು ಎಂದು ಗಣಕದ ಪರದೆಯ ಮೇಲೆ ನೋಡಬಹುದಾಗಿದ್ದ ಟೈಮ್‌ಲೈನ್ 2024ರ ಕೊನೆಯ ಹೊತ್ತಿಗೆ ಮೊಬೈಲಿಗಷ್ಟೇ ಸೀಮಿತವಾಯಿತು.

ಕೆಲವು ಹೋಗಿ ಮರಳಿ ಬಂದದ್ದೂ ಉಂಟು. 2013ರಲ್ಲಿ ಗೂಗಲ್ ಮ್ಯಾಪ್ಸ್ ಹೊಸ ರೂಪ ತಾಳಿದಾಗ ಎರಡು ಸ್ಥಳಗಳ ನಡುವಿನ ನೇರ ದೂರ ಅಳೆಯುವ ಸಾಧನ ಅದರಲ್ಲಿರಲಿಲ್ಲ. 2014ರಲ್ಲಿ ಅದನ್ನು ಸೇರಿಸಿದರು. ಹಳೆಯ ಉಪಗ್ರಹ ಚಿತ್ರಗಳನ್ನು ವರ್ಷವಾರು ನೋಡುವ ಸೌಲಭ್ಯ ಗಣಕದಲ್ಲಿ ಸ್ಥಾಪಿಸಿಕೊಳ್ಳುವ ಗೂಗಲ್ ಅರ್ಥ್‌ಗೆ 2009ರಲ್ಲೇ ಬಂದಿತ್ತು. ಜಾಲ ಮತ್ತು ಮೊಬೈಲ್ ಆವೃತ್ತಿಗಳಿಗೆ ಅದು ಬರಲು 2024 ಆಗಬೇಕಾಯಿತು.

ಇನ್ನು ಹಣದ ವಿಷಯ. ಸಣ್ಣ ಸಂಸ್ಥೆಗಳು, ಶಾಲೆಗಳು ತಮ್ಮ ಜಾಲತಾಣದಲ್ಲಿ ಗೂಗಲ್ ನಕ್ಷೆಯನ್ನು ದಿನಕ್ಕೆ 25,000 ಬಾರಿಯವರೆಗೆ ಉಚಿತವಾಗಿ ತೋರಿಸಬಹುದಾಗಿತ್ತು. 2018ರಲ್ಲಿ ಇದು ತಿಂಗಳಿಗೆ 200 ಡಾಲರ್ ಮೌಲ್ಯದ ಬಳಕೆ ಎಂದು ಬದಲಾಯಿತು. ಅಂದರೆ ತಿಂಗಳಿಗೆ ಸುಮಾರು 28,000 ಬಾರಿ. ಮೊದಲು ಒಂದು ದಿನಕ್ಕೆ ಸಿಗುತ್ತಿದ್ದುದು ಒಂದು ತಿಂಗಳಿಗೆ ಬಂದು ನಿಂತಿತು. 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ದರವನ್ನು ಶೇಕಡ 70ರವರೆಗೆ ಇಳಿಸಿದರು. ಏರಿಸಿದ್ದೂ ಅವರೇ, ಇಳಿಸಿದ್ದೂ ಅವರೇ. ಬಳಸುವವರನ್ನು ಎರಡು ಸಲವೂ ಯಾರೂ ಕೇಳಲಿಲ್ಲ.

ಹೀಗೇಕಾಗುತ್ತದೆ? ಕಾರಣಗಳು ಮೂರು. ಒಂದು ತಾಂತ್ರಿಕ. ಜಾಲವೀಕ್ಷಕ ತಂತ್ರಾಂಶಗಳು ಬದಲಾದಾಗ ಅವುಗಳಿಗೆ ಜೋಡಿಸಿದ್ದ ಪೂರಕ ತಂತ್ರಾಂಶಗಳು ಕೆಲಸ ಮಾಡುವುದಿಲ್ಲ. ಗೂಗಲ್ ಅರ್ಥ್‌ನ ಜಾಲ ಸೌಲಭ್ಯ ಹೋದದ್ದು ಹೀಗೆ. ಎರಡನೆಯದು ಖರ್ಚು. ಮೂರನೆಯದು ನಕ್ಷೆಯ ಸ್ವರೂಪವೇ. ಅಂತರ್ಜಾಲದ ನಕ್ಷೆ ಪುಸ್ತಕದಂತೆ ನಿಮ್ಮ ವಶದಲ್ಲಿರುವ ವಸ್ತುವಲ್ಲ, ನಲ್ಲಿಯ ನೀರಿನಂತೆ ಒಂದು ಸೇವೆ. ತಿರುಗಿಸಿದಾಗ ಬರುತ್ತದೆ. ಬಿಡುವವರು ನಿಲ್ಲಿಸಿದರೆ ನಿಲ್ಲುತ್ತದೆ. ನಿನ್ನೆಯ ನಕ್ಷೆ ಹೇಗಿತ್ತು ಎಂದು ಕೇಳಿದರೆ ತೋರಿಸಲು ಹಳೆಯ ಆವೃತ್ತಿ ಇರುವುದಿಲ್ಲ.

ಒಣಗಿದ ಕೆರೆ ಗಣಕಕ್ಕೆ ಏಕೆ ಕಾಣುವುದಿಲ್ಲ?

ಜನರ ಕೈಯಿಂದ ಲೇಖನಿ ತಪ್ಪಿದ ಮೇಲೆ ನಕ್ಷೆ ಬರೆಯುವ ಕೆಲಸ ಹೆಚ್ಚುಹೆಚ್ಚಾಗಿ ಯಂತ್ರಕ್ಕೆ ಸೇರುತ್ತದೆ. ಯಂತ್ರ ನೀರನ್ನು ಗುರುತಿಸುವ ಬಗೆ ಸರಳ. ನೀರು ಅವಕೆಂಪು ಕಿರಣಗಳನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಆ ಕಿರಣಗಳಲ್ಲಿ ತೆಗೆದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಗಿಡಮರಗಳು ಅದೇ ಕಿರಣಗಳನ್ನು ಜೋರಾಗಿ ಪ್ರತಿಫಲಿಸುತ್ತವೆ. ಹಸಿರು ಮತ್ತು ಅವಕೆಂಪು ಬೆಳಕಿನ ಪ್ರತಿಫಲನವನ್ನು ಹೋಲಿಸಿದರೆ ನೀರಿರುವ ಜಾಗ ತಿಳಿಯುತ್ತದೆ. ಇದೇ ಬಗೆಯ ತತ್ವದಿಂದ ಯೂರೋಪಿನ ಜಂಟಿ ಸಂಶೋಧನಾ ಕೇಂದ್ರದ ತಂಡ 1984ರಿಂದ 2015ರವರೆಗಿನ ಸುಮಾರು 30 ಲಕ್ಷ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಪರಿಶೀಲಿಸಿ ಇಡೀ ಭೂಮಿಯ ಮೇಲ್ಮೈ ನೀರಿನ ನಕ್ಷೆಯನ್ನು 2016ರಲ್ಲಿ ಪ್ರಕಟಿಸಿತು. ಅದು ಶ್ಲಾಘನೀಯ ಕೆಲಸ.

ಆದರೆ ಕೋಲಾರದಲ್ಲಿ ಕೆರೆ ಎಂದರೆ ನೀರಲ್ಲ, ನೀರು ನಿಲ್ಲುವ ಜಾಗ. ವರ್ಷಗಟ್ಟಲೆ ಒಣಗಿದ ಕೆರೆಯ ಅಂಗಳದಲ್ಲಿ ಜಾಲಿ ಬೆಳೆದಿರುತ್ತದೆ. ಉಪಗ್ರಹಕ್ಕೆ ಅದು ಕುರುಚಲು ಕಾಡು. ಕೆಲವೆಡೆ ಉಳುಮೆಯಾಗಿರುತ್ತದೆ, ಆಗ ಅದು ಹೊಲ. ಸಣ್ಣ ಕುಂಟೆಗಳ ಪಾಡು ಇನ್ನೂ ಕಷ್ಟ. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಒಂದು ಎಕರೆಗೆ ನಾಲ್ಕೂವರೆ ಚುಕ್ಕೆ ಮಾತ್ರ. ಅರ್ಧ ಎಕರೆಯ ಕುಂಟೆ ಎರಡು ಚುಕ್ಕೆಯಲ್ಲಿ ಮುಗಿದುಹೋಗುತ್ತದೆ. ಇಷ್ಟರಿಂದ ಯಂತ್ರ ಏನನ್ನು ಗುರುತಿಸೀತು? ಸ್ಥಳಕ್ಕೆ ಹೋದ ಸರ್ವೇಯರು ಏರಿಯನ್ನು ನೋಡಿ "ಇದು ಕೆರೆ, ಈಗ ಒಣಗಿದೆ" ಎಂದು ಬರೆದುಕೊಳ್ಳುತ್ತಿದ್ದ. ಅದು ನೀರಿನ ದಾಖಲೆಯಲ್ಲ, ನೆಲದ ಮೇಲಿನ ಊರಿನ ಹಕ್ಕಿನ ದಾಖಲೆ.

ಈ ವ್ಯತ್ಯಾಸ ಪುಸ್ತಕದ ಬದನೆಕಾಯಿಯಲ್ಲ. 2018ರ ಜೂನ್‌ನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ನಂತೆ ತಂದು 126 ಕೆರೆಗಳನ್ನು ತುಂಬಿಸುವುದು ಮೂಲ ಯೋಜನೆ. ಪಂಪು ಮಾಡಿದ ನೀರು ಮೊದಲ ಕೆರೆಗೆ ಬಂದ ನಂತರ ಮುಂದಿನ ಪಯಣವೆಲ್ಲ ಬಹುಮಟ್ಟಿಗೆ ಹಳೆಯ ಕೋಡಿ, ಹಳ್ಳ, ಕಾಲುವೆಗಳ ಮೂಲಕವೇ. ಈ ನೀರಿನ ಗುಣಮಟ್ಟದ ಬಗ್ಗೆ ವಿವಾದ ನ್ಯಾಯಾಲಯದ ಮೆಟ್ಟಿಲು ಹತ್ತಿತು. ನಿಮ್ಮ ಕೊಳವೆಬಾವಿ ಯಾವ ಕೆರೆಯ ಕೆಳಗಿದೆ, ಆ ಕೆರೆಗೆ ಯಾವ ಮೇಲಿನ ಕೆರೆಯಿಂದ ನೀರು ಬರುತ್ತದೆ ಎಂಬುದು ಆಗ ಬರೀ ಭೂಗೋಳದ ಪ್ರಶ್ನೆಯಾಗಿ ಉಳಿಯುವುದಿಲ್ಲ.

2021ರ ನವೆಂಬರ್‌ನ ಮಳೆಯನ್ನೂ ನೆನಪಿಸಿಕೊಳ್ಳಿ. ಜಿಲ್ಲೆಯ ಅನೇಕ ಕೆರೆಗಳು ವರ್ಷಗಳ ನಂತರ ಕೋಡಿ ಹರಿದವು. ನೀರು ತನ್ನ ಹಳೆಯ ದಾರಿಯನ್ನು ಮರೆತಿರಲಿಲ್ಲ. ಮರೆತಿದ್ದವರು ನಾವು. ಹಳ್ಳದ ಹಾದಿಯ ಮೇಲೆ ಬಡಾವಣೆಯ ರಸ್ತೆ ಬಂದರೆ ಫೋನಿನ ನಕ್ಷೆ ರಸ್ತೆಯನ್ನು ತೋರಿಸುತ್ತದೆ, ಅದರಡಿಯ ಹಳ್ಳವನ್ನಲ್ಲ. ನಿವೇಶನ ಕೊಳ್ಳಲು ಹೊರಟವರು ನೋಡುವುದೂ ಅದೇ ನಕ್ಷೆಯನ್ನೇ.

ಹೆಸರುಗಳ ಗತಿ

ಇನ್ನೊಂದು ನಷ್ಟ ಹೆಸರಿನದು. ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳಲ್ಲಿ ಸ್ಥಳಗಳ ಹೆಸರನ್ನು ಯಂತ್ರವೇ ಲಿಪ್ಯಂತರ ಮಾಡಿ ತೋರಿಸುತ್ತದೆ ಎಂದು 2021ರ ಜನವರಿಯಲ್ಲಿ ಗೂಗಲ್ ಪ್ರಕಟಿಸಿತು. ಇಂಗ್ಲಿಷ್ ಬಾರದವರಿಗೆ ಇದರಿಂದ ಅನುಕೂಲವಾಯಿತು ಎಂಬುದನ್ನು ಒಪ್ಪಲೇಬೇಕು. ಆದರೆ ಇಂಗ್ಲಿಷ್ ಕಾಗುಣಿತದಲ್ಲಿ ಲ ಮತ್ತು ಳ ಒಂದೇ, ನ ಮತ್ತು ಣ ಒಂದೇ, ಹ್ರಸ್ವ ದೀರ್ಘಗಳ ಭೇದವೂ ಇಲ್ಲ. ಅದರಿಂದ ಕನ್ನಡಕ್ಕೆ ಮರಳುವಾಗ ಯಂತ್ರ ಊಹಿಸಬೇಕಾಗುತ್ತದೆ. ಊರಿನ ಹೆಸರು ಮೊದಲೇ ಕನ್ನಡದಲ್ಲಿತ್ತು. ಅದನ್ನು ಇಂಗ್ಲಿಷಿಗೆ ಒಯ್ದು ಮತ್ತೆ ಕನ್ನಡಕ್ಕೆ ತರುವ ಈ ಸುತ್ತು ಬೇಕಿತ್ತೇ? ಕೋಲಾರದಲ್ಲಿ ತೆಲುಗು ಬೆರೆತ ಹೆಸರುಗಳೂ ಹೇರಳ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಒಂದೇ ಹಳ್ಳಿಯನ್ನು ಜನ ಎರಡು ರೀತಿಯಲ್ಲಿ ಕರೆಯುವುದುಂಟು. ಎರಡನ್ನೂ ಬರೆದಿಟ್ಟುಕೊಳ್ಳುವ ವ್ಯವಸ್ಥೆ ನಕ್ಷೆಗೆ ಬೇಕು.

ಸರ್ಕಾರಿ ನಕ್ಷೆಗಳ ಕಡೆ ನೋಡೋಣ

ಖಾಸಗಿ ಕಂಪನಿಯನ್ನಷ್ಟೇ ದೂರುವುದು ಸರಿಯಲ್ಲ. ಭುವನ್ ಬಂದ ಹೊಸತರಲ್ಲಿ ಅದರ ಮೂರು ಆಯಾಮದ ನೋಟಕ್ಕೆ ವಿಂಡೋಸ್, ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮತ್ತು ಒಂದು ಪೂರಕ ತಂತ್ರಾಂಶ ಬೇಕಾಗಿತ್ತು. ಸರ್ವೇ ಆಫ್ ಇಂಡಿಯಾ 2017ರಲ್ಲಿ 'ನಕ್ಷೆ' ಎಂಬ ಜಾಲತಾಣದ ಮೂಲಕ ಟೊಪೊಶೀಟುಗಳನ್ನು ಉಚಿತವಾಗಿ ಕೊಡಲಾರಂಭಿಸಿತು. ಪಡೆಯಲು ಆಧಾರ್ ಸಂಖ್ಯೆ ಕೊಡಬೇಕಾಗಿತ್ತು. ಆನಂತರ ಈ ಸೇವೆ ಬೇರೆ ಜಾಲತಾಣಕ್ಕೆ ವರ್ಗವಾಯಿತು. 2016ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಕರಡು ಮಸೂದೆಯಂತೂ ಅನುಮತಿಯಿಲ್ಲದೆ ಭೂಮಾಹಿತಿ ಸಂಗ್ರಹಿಸಿದವರಿಗೆ 100 ಕೋಟಿ ರೂಪಾಯಿವರೆಗೆ ದಂಡ ಸೂಚಿಸಿತ್ತು! ಪುಣ್ಯಕ್ಕೆ ಅದು ಕಾನೂನಾಗಲಿಲ್ಲ. 2021ರ ಫೆಬ್ರವರಿಯ ಮಾರ್ಗಸೂಚಿಗಳು ಭಾರತೀಯರು ನಕ್ಷೆ ಮಾಡುವುದರ ಮೇಲಿನ ಹೆಚ್ಚಿನ ನಿರ್ಬಂಧಗಳನ್ನು ತೆಗೆದುಹಾಕಿದವು.

ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ 'ದಿಶಾಂಕ್' ಈ ಸಾಲಿನಲ್ಲಿ ನಿಜಕ್ಕೂ ಉಪಯುಕ್ತ. ನೀವು ನಿಂತಿರುವ ಜಾಗದ ಸರ್ವೇ ನಂಬರನ್ನು ಅದು ತಿಳಿಸುತ್ತದೆ. ಕೆರೆಯ ಅಂಗಳ ಒಣಗಿದ್ದರೂ ಅದರ ಸರ್ವೇ ನಂಬರು ಒಣಗುವುದಿಲ್ಲ. ಆದರೆ ಅದೂ ಒಂದು ಸೇವೆಯೇ ಎಂಬುದನ್ನು ಮರೆಯಬಾರದು.

ನೀವೇನು ಮಾಡಬಹುದು?

ಮೊದಲನೆಯದಾಗಿ, ನಿಮ್ಮೂರಿನ ಟೊಪೊಶೀಟನ್ನು ಸರ್ವೇ ಆಫ್ ಇಂಡಿಯಾದಿಂದ ಪಡೆದು ನಿಮ್ಮ ಗಣಕದಲ್ಲೂ ಕಾಗದದಲ್ಲೂ ಇಟ್ಟುಕೊಳ್ಳಿ. ಕೋಲಾರದವರು ಒಂದು ಸೂಕ್ಷ್ಮವನ್ನು ತಿಳಿದಿರಬೇಕು. ಹೊಸ ಸರಣಿ ಬಳಸುವ ಯುಟಿಎಂ ಪದ್ಧತಿಯಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ ಪಟ್ಟಿಗಳಾಗಿ ವಿಂಗಡಿಸಿದ್ದಾರೆ. 78 ಡಿಗ್ರಿ ರೇಖಾಂಶ ಇಂತಹ ಎರಡು ಪಟ್ಟಿಗಳ ನಡುವಿನ ಗಡಿ. ಅದು ಜಿಲ್ಲೆಯೊಳಗೇ ಹಾದುಹೋಗುತ್ತದೆ. ಮಾಲೂರು ಪಟ್ಟಣ 43ನೆಯ ಪಟ್ಟಿಯಲ್ಲಿದ್ದರೆ ಕೋಲಾರ ನಗರ 44ರಲ್ಲಿದೆ. ಇದನ್ನು ಗಮನಿಸದೆ ಎರಡು ಕಡೆಯ ಅಳತೆಗಳನ್ನು ಒಂದೇ ನಕ್ಷೆಯಲ್ಲಿ ಕೂಡಿಸಿದರೆ ಕೆರೆ ನೂರಾರು ಕಿಲೋಮೀಟರ್ ಆಚೆ ಹೋಗಿ ಕೂರುತ್ತದೆ.

ಎರಡನೆಯದಾಗಿ, ಬರೆಯುವುದಾದರೆ ಬರೆದದ್ದನ್ನು ಮರಳಿ ಪಡೆಯಬಹುದಾದ ಕಡೆ ಬರೆಯಿರಿ. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಅಂತಹದು. ಇಲ್ಲಿ ಕೆರೆಯ ಅಂಚು, ಏರಿ, ಹಳ್ಳ ಎಲ್ಲವನ್ನೂ ಬರೆಯಬಹುದು. 'ವರ್ಷವಿಡೀ ನೀರಿರುವುದಿಲ್ಲ' ಎಂದು ಗುರುತಿಸಬಹುದು. ಕನ್ನಡ, ತೆಲುಗು ಹೆಸರುಗಳನ್ನು ಬೇರೆಬೇರೆಯಾಗಿ ದಾಖಲಿಸಬಹುದು. ಪ್ರತಿಯೊಂದು ತಿದ್ದುಪಡಿಯ ಇತಿಹಾಸ ಉಳಿಯುತ್ತದೆ. ಇಡೀ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇದಕ್ಕೂ ಕೊರತೆಗಳಿವೆ. ಬರೆಯುವವರಿಲ್ಲದ ಕಡೆ ನಕ್ಷೆ ಖಾಲಿ. ತಪ್ಪು ಬರೆದರೆ ತಿದ್ದುವವರು ಬರುವವರೆಗೆ ತಪ್ಪು ಹಾಗೆಯೇ ಇರುತ್ತದೆ.

ಮೂರನೆಯದು ಪ್ರೌಢಶಾಲೆಗಳ ವಿಜ್ಞಾನ ಸಂಘಗಳಿಗೆ. ಒಂದು ಭಾನುವಾರ ಊರಿನ ಹಿರಿಯರೊಬ್ಬರನ್ನು, ಸಾಧ್ಯವಾದರೆ ನೀರಗಂಟಿಯನ್ನೇ, ಕರೆದುಕೊಂಡು ಏರಿಯ ಉದ್ದಕ್ಕೂ ನಡೆಯಿರಿ. ತೂಬು, ಕೋಡಿ, ಕಾಲುವೆ ಬಂದು ಸೇರುವ ಜಾಗ, ಮುಂದಿನ ಕೆರೆಗೆ ಹೋಗುವ ಹಳ್ಳ ಇವುಗಳ ಅಕ್ಷಾಂಶ ರೇಖಾಂಶಗಳನ್ನು ಫೋನಿನಲ್ಲಿ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅವರು ಹೇಳುವ ಹೆಸರುಗಳನ್ನು ಹೇಳಿದಂತೆಯೇ ಕನ್ನಡದಲ್ಲಿ ಬರೆಯಿರಿ. ದಿನಾಂಕ ಹಾಕಿ. ಒಂದು ಪ್ರತಿ ಶಾಲೆಯಲ್ಲಿ, ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇರಲಿ. ಮೂರು ವರ್ಷಕ್ಕೊಮ್ಮೆ ಮುಂದಿನ ತಂಡ ಇದನ್ನು ಮತ್ತೆ ಮಾಡಲಿ.

ಯಾವ ಕಂಪನಿ ಯಾವ ಸೌಲಭ್ಯವನ್ನು ಯಾವಾಗ ನಿಲ್ಲಿಸುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ದಾರಿ ಹುಡುಕಲು ಅವರ ನಕ್ಷೆಯನ್ನು ಧಾರಾಳವಾಗಿ ಬಳಸೋಣ. ಕೆರೆಯ ನಕ್ಷೆ ಮಾತ್ರ ಊರಿನಲ್ಲೇ ಇರಲಿ.